ಇಲ್ಯಾ ಮೆಚ್ನಿಕೋವ್

ಇಲ್ಯಾ ಇಲಿಚ್ ಮೆಚ್ನಿಕೋವ್ (1845–1916) ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿ ಫ್ರಾನ್ಸ್‌ನಲ್ಲಿ ನೆಲೆಸಿದ ಪ್ರಾಣಿವಿಜ್ಞಾನಿ ಹಾಗೂ ಸೂಕ್ಷ್ಮಾಣುಜೀವಿ ವಿಜ್ಞಾನಿ. ಎಲಿ ಮೆಚ್ನಿಕಾಫ್ ಎಂಬ ರೂಪದಲ್ಲಿಯೂ ಇವರ ಹೆಸರು ಪ್ರಚಲಿತವಾಗಿದೆ. ರೋಗಾಣುಗಳನ್ನು ನುಂಗಿ ನಾಶಪಡಿಸುವ ಭಕ್ಷಕ ಕೋಶಗಳ ಕಾರ್ಯವನ್ನು ವಿವರಿಸಿದ್ದಕ್ಕಾಗಿ 1908ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಪಾಲ್ ಎರ್ಲಿಕ್ ಅವರೊಂದಿಗೆ ಹಂಚಿಕೊಂಡರು. ಕರುಳಿನ ಸೂಕ್ಷ್ಮಾಣುಜೀವಿಗಳು ಮುಪ್ಪಿನ ಮೇಲೂ ಮಿದುಳಿನ ಮೇಲೂ ಪ್ರಭಾವ ಬೀರುತ್ತವೆ ಎಂಬ ಇವರ ವಾದವು ಬಹುಕಾಲ ಮರೆಗೆ ಸರಿದಿದ್ದು, 21ನೆಯ ಶತಮಾನದಲ್ಲಿ ಬೇರೊಂದು ರೂಪದಲ್ಲಿ ಮತ್ತೆ ಸಂಶೋಧನೆಯ ವಿಷಯವಾಗಿದೆ.

ಆರಂಭಿಕ ಜೀವನ

ಮೆಚ್ನಿಕೋವ್ ಇಂದಿನ ಉಕ್ರೇನಿನ ಖಾರ್ಕಿವ್ ಬಳಿಯ ಹಳ್ಳಿಯೊಂದರಲ್ಲಿ ಜನಿಸಿದರು. ತಂದೆ ಸೈನ್ಯಾಧಿಕಾರಿ, ತಾಯಿ ಯಹೂದಿ ಮೂಲದವರು. ನ್ಯಾಯಾಂಗ ಸೇವೆಯಲ್ಲಿದ್ದ ಇವರ ಅಣ್ಣ ಇವಾನ್ ಇಲಿಚ್ ಅವರ ಮರಣವೇ ಟಾಲ್‌ಸ್ಟಾಯ್ ಅವರ ಪ್ರಸಿದ್ಧ ನೀಳ್ಗತೆಗೆ ಪ್ರೇರಣೆಯಾಯಿತು. ಮೆಚ್ನಿಕೋವ್ ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಪೂರೈಸಿದರು. ಜರ್ಮನಿ ಮತ್ತು ಇಟಲಿಯಲ್ಲಿ ಕಡಲಜೀವಿಗಳ ಭ್ರೂಣವಿಜ್ಞಾನವನ್ನು ಅಭ್ಯಸಿಸಿ, 1870ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಇವರ ಮೊದಲ ಪತ್ನಿ ಲುಡ್ಮಿಲಾ ಕ್ಷಯರೋಗಿಯಾಗಿದ್ದರು. ಮದುವೆಯ ದಿನ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ಹವೆ ಬದಲಾವಣೆಗೆಂದು ಕರೆದೊಯ್ದಿದ್ದ ಮಡೀರಾ ದ್ವೀಪದಲ್ಲಿ 1873ರಲ್ಲಿ ಆಕೆ ತೀರಿಕೊಂಡರು. ಕಣ್ಣಿನ ಬೇನೆಯಿಂದ ಸೂಕ್ಷ್ಮದರ್ಶಕದ ಕೆಲಸವೂ ಕಷ್ಟವಾಗಿದ್ದ ಆ ದಿನಗಳಲ್ಲಿ ಮೆಚ್ನಿಕೋವ್ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದರು. 1875ರಲ್ಲಿ ಓಲ್ಗಾ ಬೆಲೊಕೊಪಿಟೋವಾ ಅವರನ್ನು ವಿವಾಹವಾದರು. ಕೆಲವು ವರ್ಷಗಳ ಬಳಿಕ ಓಲ್ಗಾ ವಿಷಮಶೀತ ಜ್ವರದಿಂದ ಮರಣಾವಸ್ಥೆ ತಲುಪಿದಾಗ ಇವರು ಮರುಕಳಿಸುವ ಜ್ವರದ ರೋಗಾಣುವನ್ನು ತಮ್ಮ ದೇಹಕ್ಕೆ ಸೇರಿಸಿಕೊಂಡರು. ತಮ್ಮ ಸಾವನ್ನೂ ಪ್ರಯೋಗವಾಗಿಸುವ ಈ ಯತ್ನದಿಂದ ತೀವ್ರವಾಗಿ ಕಾಯಿಲೆ ಬಿದ್ದು ಚೇತರಿಸಿಕೊಂಡರು. ಓಲ್ಗಾ ಸಹ ಗುಣಮುಖರಾಗಿ, ಮುಂದೆ ಪತಿಯ ಜೀವನಚರಿತ್ರೆಯನ್ನು ಬರೆದರು.

ಭಕ್ಷಕ ಕೋಶಗಳು

ರಾಜಕೀಯ ಕ್ಷೋಭೆಯಿಂದ ಬೇಸತ್ತು 1882ರಲ್ಲಿ ರಾಜೀನಾಮೆ ನೀಡಿದ ಮೆಚ್ನಿಕೋವ್ ಸಿಸಿಲಿಯ ಮೆಸ್ಸಿನಾಕ್ಕೆ ತೆರಳಿದರು. ಅಲ್ಲಿ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದ ಒಂದು ದಿನ, ನಕ್ಷತ್ರಮೀನಿನ ಪಾರದರ್ಶಕ ಮರಿಹುಳುಗಳಲ್ಲಿ ಚಲಿಸುವ ಕೋಶಗಳನ್ನು ಒಬ್ಬರೇ ಗಮನಿಸುತ್ತಿದ್ದಾಗ, ಈ ಕೋಶಗಳು ದೇಹವನ್ನು ಹೊರಗಿನ ವಸ್ತುಗಳಿಂದ ರಕ್ಷಿಸುತ್ತಿರಬಹುದೆಂದು ಅವರಿಗೆ ಹೊಳೆಯಿತು. ತೋಟದಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಹುಳುಗಳಿಗೆ ಚುಚ್ಚಿದರು. ಮರುದಿನ ಮುಂಜಾನೆಯ ಹೊತ್ತಿಗೆ ಮುಳ್ಳುಗಳ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ರೋಗನಿರೋಧಕ ವಿಜ್ಞಾನದ ಒಂದು ಮುಖ್ಯ ಶಾಖೆ ಇಲ್ಲಿಂದ ಆರಂಭವಾಯಿತು.

1888ರಲ್ಲಿ ಲೂಯಿ ಪಾಶ್ಚರ್ ಪ್ಯಾರಿಸ್‌ನ ತಮ್ಮ ಸಂಸ್ಥೆಯಲ್ಲಿ ಇವರಿಗೆ ಪ್ರಯೋಗಾಲಯ ಒದಗಿಸಿದರು. ಮೆಚ್ನಿಕೋವ್ ಕೊನೆಯವರೆಗೂ ಅಲ್ಲಿಯೇ ದುಡಿದರು. ಕಾಲರಾ ಮತ್ತು ಪ್ಲೇಗ್ ಲಸಿಕೆಗಳಿಗಾಗಿ ಭಾರತದಲ್ಲಿ ಹೆಸರಾದ ವಾಲ್ಡೆಮಾರ್ ಹಾಫ್‌ಕಿನ್ ಒಡೆಸ್ಸಾದಲ್ಲಿ ಇವರ ಶಿಷ್ಯರಾಗಿದ್ದವರು.

ಕರುಳು, ಮುಪ್ಪು ಮತ್ತು ಮಿದುಳು

1890ರ ದಶಕದಲ್ಲಿ ಮೆಚ್ನಿಕೋವ್ ಸ್ವತಃ ಕಾಲರಾ ರೋಗಾಣುಗಳನ್ನು ಕುಡಿದರೂ ಅವರಿಗೆ ರೋಗ ತಗುಲಲಿಲ್ಲ. ಅದೇ ಪ್ರಯೋಗಕ್ಕೆ ಒಳಗಾದ ಸ್ವಯಂಸೇವಕನೊಬ್ಬ ತೀವ್ರವಾಗಿ ಅಸ್ವಸ್ಥನಾದನು. ಇಂದಿನ ನೈತಿಕ ನಿಯಮಗಳು ಒಪ್ಪದ ಈ ಪ್ರಯೋಗದಿಂದ, ಕರುಳಿನಲ್ಲಿ ಮೊದಲೇ ಇರುವ ಸೂಕ್ಷ್ಮಾಣುಜೀವಿಗಳು ರೋಗಾಣುವಿಗೆ ಅಡ್ಡಿಯಾಗಲೂಬಹುದು, ನೆರವಾಗಲೂಬಹುದು ಎಂಬ ಆಲೋಚನೆ ಮೂಡಿತು.

1903 ಮತ್ತು 1907ರಲ್ಲಿ ಪ್ರಕಟವಾದ ಎರಡು ಗ್ರಂಥಗಳಲ್ಲಿ ಅವರು ಇದನ್ನು ಮುಪ್ಪಿನ ಸಿದ್ಧಾಂತವಾಗಿ ಬೆಳೆಸಿದರು. ದೊಡ್ಡ ಕರುಳಿನಲ್ಲಿ ಆಹಾರದ ಪ್ರೋಟೀನನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಫೀನಾಲ್, ಇಂಡೋಲ್ ಮುಂತಾದ ವಸ್ತುಗಳನ್ನು ಉತ್ಪಾದಿಸುತ್ತವೆ. ಅವು ರಕ್ತಕ್ಕೆ ಸೇರಿ ದೇಹದ ಶ್ರೇಷ್ಠ ಕೋಶಗಳನ್ನು, ವಿಶೇಷವಾಗಿ ನರಕೋಶಗಳನ್ನು, ದುರ್ಬಲಗೊಳಿಸುತ್ತವೆ. ಆಗ ದೇಹವನ್ನು ಕಾಯಬೇಕಾದ ಭಕ್ಷಕ ಕೋಶಗಳೇ ಮಿದುಳಿನ ದುರ್ಬಲ ನರಕೋಶಗಳನ್ನು ಕಬಳಿಸುತ್ತವೆ. ಮುದಿತನದ ಬುದ್ಧಿಭ್ರಮಣೆಗೆ ಇದೇ ಕಾರಣ ಎಂಬುದು ಅವರ ವಾದ. ತಾವೇ ಕಂಡುಕೊಂಡ ರಕ್ಷಕನನ್ನು ಅವರು ಇಲ್ಲಿ ಭಕ್ಷಕನ ಸ್ಥಾನದಲ್ಲಿ ನಿಲ್ಲಿಸಿದ್ದರು.

ಪರಿಹಾರವಾಗಿ ಅವರು ಸೂಚಿಸಿದ್ದು ಹುಳಿಸಿದ ಹಾಲು. ಲ್ಯಾಕ್ಟಿಕ್ ಆಮ್ಲವು ಕೊಳೆತವನ್ನು ತಡೆಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಬಲ್ಗೇರಿಯದ ಗ್ರಾಮೀಣರ ದೀರ್ಘಾಯುಷ್ಯವನ್ನು ಅವರು ನಿದರ್ಶನವಾಗಿ ನೀಡಿದರು. ಅಲ್ಲಿನ ಮೊಸರಿನ ಬ್ಯಾಕ್ಟೀರಿಯಾವನ್ನು 1905ರಲ್ಲಿ ಸ್ಟಾಮೆನ್ ಗ್ರಿಗೊರೋವ್ ಗುರುತಿಸಿದ್ದರು. ಮೆಚ್ನಿಕೋವ್ ಸ್ವತಃ ಹಸಿ ಆಹಾರವನ್ನು ತ್ಯಜಿಸಿ ನಿತ್ಯ ಹುಳಿಹಾಲು ಸೇವಿಸುತ್ತಿದ್ದರು. ಯೌವನದಲ್ಲಿ ನಿರಾಶಾವಾದಿಯಾಗಿದ್ದ ಅವರು ಈ ಅವಧಿಯಲ್ಲಿ ಆಶಾವಾದದ ಪ್ರತಿಪಾದಕರಾದರು. ಬದುಕಿನ ಸವಿ ವಯಸ್ಸಿನೊಂದಿಗೆ ಬಲಿಯುತ್ತದೆ ಎಂದು ವಾದಿಸಿದರು. ಆದರೆ ಈ ಬದಲಾವಣೆಗೆ ಮೊಸರೇ ಕಾರಣವೆಂದು ತಿಳಿಯಲು ಆಧಾರವಿಲ್ಲ.

ಪ್ರಭಾವ ಮತ್ತು ದುರುಪಯೋಗ

ಸಿದ್ಧಾಂತವು ಅದರ ಕರ್ತೃವಿನ ಎಚ್ಚರಿಕೆಯ ಮಿತಿಯನ್ನು ಬೇಗನೆ ದಾಟಿತು. ಯೂರೋಪಿನಲ್ಲಿ ಇವರ ಹೆಸರು ಹೇಳಿಕೊಂಡು ಹುಳಿಹಾಲಿನ ಮಾತ್ರೆ, ಪುಡಿಗಳು ಮಾರಾಟವಾದವು. 1910ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಪೋರ್ಟರ್ ಫಿಲಿಪ್ಸ್ ತೀವ್ರ ವಿಷಣ್ಣತೆಯ ರೋಗಿಗಳಿಗೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ನೀಡಿ ಸುಧಾರಣೆ ಕಂಡುದಾಗಿ ವರದಿ ಮಾಡಿದರು. ಹೋಲಿಕೆಗೆ ಬೇರೆ ಗುಂಪಿಲ್ಲದ ಅಂಥ ವರದಿಯಿಂದ ನಿರ್ಣಯಕ್ಕೆ ಬರಲಾಗದು. ದೇಹದೊಳಗಿನ ಸೋಂಕೇ ಹುಚ್ಚಿಗೆ ಕಾರಣವೆಂಬ ಸಂಬಂಧಿತ ನಂಬಿಕೆಯು ಇನ್ನೂ ಭೀಕರ ದಾರಿ ಹಿಡಿಯಿತು. ಅಮೆರಿಕದ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ರೋಗಿಗಳ ಹಲ್ಲುಗಳನ್ನೂ ದೊಡ್ಡ ಕರುಳನ್ನೂ ತೆಗೆದುಹಾಕಿದರು. ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ ಅನೇಕರು ಮೃತಪಟ್ಟರು. ಮೊಸರಿನ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲವೆಂದು 1920ರ ಸುಮಾರಿಗೆ ತಿಳಿದುಬಂದ ಮೇಲೆ ಈ ಇಡೀ ವಿಷಯಕ್ಕೆ ವಿಜ್ಞಾನಿಗಳು ಬೆನ್ನು ತಿರುಗಿಸಿದರು.

ಮರಣ

ಮೊದಲ ಮಹಾಯುದ್ಧ ಪ್ರಯೋಗಾಲಯವನ್ನು ಬರಿದಾಗಿಸಿತು. ಹೃದ್ರೋಗದಿಂದ ಬಳಲುತ್ತಿದ್ದ ಮೆಚ್ನಿಕೋವ್ 1916ರ ಜುಲೈನಲ್ಲಿ, 71ನೆಯ ವಯಸ್ಸಿನಲ್ಲಿ ನಿಧನರಾದರು. ತಮ್ಮ ಶವಪರೀಕ್ಷೆ ನಡೆಸಿ ಕರುಳನ್ನು ಗಮನವಿಟ್ಟು ಪರೀಕ್ಷಿಸುವಂತೆ ಸಹೋದ್ಯೋಗಿಗೆ ಮೊದಲೇ ತಿಳಿಸಿದ್ದರು. ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.

ನಂತರದ ಸಂಶೋಧನೆ

2004ರಲ್ಲಿ ಜಪಾನಿನ ವಿಜ್ಞಾನಿಗಳು, ಸೂಕ್ಷ್ಮಾಣುಜೀವಿಗಳಿಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಒತ್ತಡದ ಹಾರ್ಮೋನುಗಳ ಪ್ರತಿಕ್ರಿಯೆ ಅತಿಯಾಗಿರುವುದನ್ನು ಕಂಡರು. ಎಳವೆಯಲ್ಲಿಯೇ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ನೀಡಿದಾಗ ಅದು ಸಹಜಸ್ಥಿತಿಗೆ ಬಂದಿತು. 2011ರಲ್ಲಿ ಲ್ಯಾಕ್ಟೋಬ್ಯಾಸಿಲಸ್‌ನ ಒಂದು ತಳಿಯು ಇಲಿಗಳ ಆತಂಕವನ್ನು ತಗ್ಗಿಸಿತು. ಕರುಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರವನ್ನು ಕತ್ತರಿಸಿದಾಗ ಆ ಪರಿಣಾಮ ಕಾಣಲಿಲ್ಲ. ಅದೇ ತಳಿಯನ್ನು ಆರೋಗ್ಯವಂತ ಪುರುಷರಿಗೆ ನೀಡಿದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಒತ್ತಡ ತಗ್ಗಲಿಲ್ಲ. ಮೆಚ್ನಿಕೋವ್ ಅವರ ಕಲ್ಪನೆಗೆ ಅತ್ಯಂತ ಸಮೀಪದ ಶೋಧ 2015ರದು: ಸೂಕ್ಷ್ಮಾಣುಜೀವಿಗಳಿಲ್ಲದ ಇಲಿಗಳಲ್ಲಿ ಮಿದುಳಿನ ಭಕ್ಷಕ ಕೋಶಗಳಾದ ಮೈಕ್ರೋಗ್ಲಿಯಾ ಪೂರ್ಣವಾಗಿ ಬಲಿತಿರಲಿಲ್ಲ ಎಂದು ಜರ್ಮನಿಯ ಫ್ರೈಬರ್ಗ್‌ನ ಸಂಶೋಧಕರು ತೋರಿಸಿದರು. ಮಿದುಳಿನ ಈ ಭಕ್ಷಕ ಕೋಶಗಳಿಗೆ ಕರುಳಿನ ಸೂಕ್ಷ್ಮಾಣುಜೀವಿಗಳು ಇಲ್ಲಿ ನಂಜಲ್ಲ, ಅಗತ್ಯವಾಗಿ ಕಂಡುಬಂದವು.