ಯಲ್ಲಾಪ್ರಗಡ ಸುಬ್ಬರಾಯರು

ಜೀವಿಗಳ ದೇಹದಲ್ಲಿ ನಡೆಯುವ ಕ್ರಿಯೆಗಳನ್ನು ಅರಿತು, ಆ ಅರಿವನ್ನು ಮಾನವನ ಹಿತಕ್ಕಾಗಿ ಬಳಸಿಕೊಳ್ಳುವ ಶಾಸ್ತ್ರವೇ ಜೈವಿಕ ತಂತ್ರಜ್ಞಾನ. ಕಾಲೇಜಿನಲ್ಲಿ ಈ ಶಾಸ್ತ್ರವನ್ನು ಪದವಿಗಾಗಿ ಅಭ್ಯಾಸ ಮಾಡುವವರು ಜೀವರಸಾಯನ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ, ತಳಿಶಾಸ್ತ್ರ ಮುಂತಾದ ವಿಷಯಗಳನ್ನು ಕಲಿಯುತ್ತಾರೆ. ಜೀವಕೋಶವು ತನಗೆ ಬೇಕಾದ ಶಕ್ತಿಯನ್ನು ಹೇಗೆ ಪಡೆಯುತ್ತದೆ, ಜೀವಸತ್ವಗಳ ರಚನೆ ಎಂತಹುದು, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಔಷಧವನ್ನು ಹೇಗೆ ತೆಗೆಯಬಹುದು ಎಂಬುವೆಲ್ಲ ಅವರ ಪಾಠಗಳು. ಪ್ರಯೋಗಶಾಲೆಯಲ್ಲಿ ಅವರು ರಂಜಕದ ಪ್ರಮಾಣವನ್ನು ಅಳೆಯುವ ಒಂದು ವಿಧಾನವನ್ನೂ ಕಲಿಯುತ್ತಾರೆ. ಅದಕ್ಕೆ ಫಿಸ್ಕ್–ಸುಬ್ಬರಾವ್ ವಿಧಾನವೆಂದು ಹೆಸರು. ಆ ಹೆಸರಿನಲ್ಲಿ ಸೇರಿಕೊಂಡಿರುವ ಭಾರತೀಯರೇ ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು. ಮೇಲೆ ಹೇಳಿದ ಪಾಠಗಳಲ್ಲಿ ಹಲವಕ್ಕೆ ಅವರ ದುಡಿಮೆಯೇ ಆಧಾರವಾಗಿದೆ.

ಸುಬ್ಬರಾಯರು 1895ರ ಜನವರಿ 12ರಂದು ಅಂದಿನ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ, ಇಂದು ಆಂಧ್ರಪ್ರದೇಶದಲ್ಲಿರುವ ಭೀಮವರಂ ಎಂಬಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಮಕ್ಕಳು ಹಲವರು, ಆದಾಯ ಸ್ವಲ್ಪ. ಬಾಲಕ ಸುಬ್ಬರಾಯನಿಗೆ ಓದಿಗಿಂತಲೂ ಹಣ ಸಂಪಾದನೆಯೇ ಮೇಲೆನಿಸಿತು. ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಸಿರಿವಂತನಾಗಬೇಕೆಂದು ಆತನು ಒಮ್ಮೆ ಮನೆ ಬಿಟ್ಟು ಹೊರಟನು. ವೆಂಕಮ್ಮನವರು ಮಗನನ್ನು ಹಿಂದಕ್ಕೆ ಕರೆಸಿ ಮತ್ತೆ ಶಾಲೆಗೆ ಕಳುಹಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಆತನು ಎರಡು ಸಲ ಅನುತ್ತೀರ್ಣನಾದನು. ಅಷ್ಟರಲ್ಲಿ ತಂದೆಯೂ ಗತಿಸಿದರು. ಆದರೂ ತಾಯಿ ಧೈರ್ಯಗುಂದಲಿಲ್ಲ. ಮದರಾಸಿನ ಹಿಂದೂ ಹೈಸ್ಕೂಲಿಗೆ ಸೇರಿ, ಮೂರನೆಯ ಯತ್ನದಲ್ಲಿ ಸುಬ್ಬರಾಯರು ಉತ್ತೀರ್ಣರಾದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರ ಮನಸ್ಸು ರಾಮಕೃಷ್ಣ ಮಠದ ಕಡೆಗೆ ಒಲಿಯಿತು. ಸಂನ್ಯಾಸಿಯಾಗಿ ದೀನರ ಸೇವೆ ಮಾಡಬೇಕೆಂಬ ಹಂಬಲ ಅವರಲ್ಲಿ ಮೂಡಿತು. ತಾಯಿ ಇದಕ್ಕೆ ಸಮ್ಮತಿಸಲಿಲ್ಲ. ರೋಗಿಗಳ ಸೇವೆಯೂ ಒಂದು ವ್ರತವೇ ಎಂದು ಭಾವಿಸಿ ಸುಬ್ಬರಾಯರು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. 1919ರಲ್ಲಿ ಶೇಷಗಿರಿ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು.

ಅದು ಗಾಂಧೀಜಿಯವರ ಕರೆಗೆ ದೇಶವು ಓಗೊಡುತ್ತಿದ್ದ ಕಾಲ. ಸುಬ್ಬರಾಯರು ಖಾದಿ ಬಟ್ಟೆಯ ನಿಲುವಂಗಿಯನ್ನು ಧರಿಸಿಯೇ ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋದರು. ಇದರಿಂದ ಅವರ ಆಂಗ್ಲ ಪ್ರಾಧ್ಯಾಪಕರು ಅಸಮಾಧಾನಗೊಂಡರು. ಇತರ ವಿಷಯಗಳಲ್ಲಿ ಚೆನ್ನಾಗಿಯೇ ಬರೆದಿದ್ದರೂ ಸುಬ್ಬರಾಯರಿಗೆ ಎಂ.ಬಿ.ಬಿ.ಎಸ್. ಪದವಿ ದೊರೆಯದೆ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ದೊರೆಯಿತು. ಅವರು ಮದರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಅಂಗರಚನಾ ಶಾಸ್ತ್ರವನ್ನು ಬೋಧಿಸತೊಡಗಿದರು.

ಇದಕ್ಕೂ ಮಿಗಿಲಾದ ಆಘಾತವೊಂದು ಅವರ ಬಾಳಿನಲ್ಲಿ ಒದಗಿತು. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ರೋಗಕ್ಕೆ ಬಲಿಯಾದರು. ಉಷ್ಣವಲಯದಲ್ಲಿ ಕಾಣಿಸಿಕೊಳ್ಳುವ ಈ ರೋಗವು ಕರುಳಿಗೆ ತಗಲಿದರೆ ಉಂಡ ಅನ್ನದ ಸಾರವು ಮೈಗೆ ಹತ್ತುವುದಿಲ್ಲ. ರಕ್ತವು ಬಡವಾಗಿ ರೋಗಿಯು ದಿನೇ ದಿನೇ ಕೃಶನಾಗುತ್ತಾನೆ. ವೈದ್ಯಶಾಸ್ತ್ರವನ್ನು ಓದಿದ್ದ ಸುಬ್ಬರಾಯರ ಬಳಿ ಈ ರೋಗಕ್ಕೆ ಮದ್ದಿರಲಿಲ್ಲ. ಜಗತ್ತಿನ ಯಾವ ವೈದ್ಯನಿಗೂ ಅದರ ಕಾರಣ ತಿಳಿದಿರಲಿಲ್ಲ. ಇರುವ ವಿದ್ಯೆಯನ್ನು ಬಳಸುವುದಷ್ಟೇ ಸಾಲದು, ಇಲ್ಲದ ವಿದ್ಯೆಯನ್ನು ಹುಡುಕಬೇಕು ಎಂಬ ನಿಶ್ಚಯ ಅವರಲ್ಲಿ ಬಲಿಯಿತು.

ಮಾವನವರ ನೆರವಿನಿಂದ ಅವರು ಸಮುದ್ರಯಾನ ಮಾಡಿ 1922ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ತಲಪಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣವಲಯದ ವೈದ್ಯಶಾಸ್ತ್ರವನ್ನು ಓದಲು ಪ್ರವೇಶ ದೊರೆಯಿತು, ವಿದ್ಯಾರ್ಥಿವೇತನ ದೊರೆಯಲಿಲ್ಲ. ಹೊಟ್ಟೆಪಾಡಿಗಾಗಿ ಅವರು ಆಸ್ಪತ್ರೆಯೊಂದರಲ್ಲಿ ರಾತ್ರಿಯ ವೇಳೆ ಆಳಿನ ಕೆಲಸ ಮಾಡಿದರು. ಅವರು ಹೊರಟ ಬಳಿಕ ಊರಿನಲ್ಲಿ ಜನಿಸಿದ ಮಗನು ಶೈಶವದಲ್ಲಿಯೇ ತೀರಿಕೊಂಡನು. ಮಗನ ಮುಖವನ್ನು ತಂದೆ ನೋಡಲೇ ಇಲ್ಲ.

ಮುಂದೆ ಸುಬ್ಬರಾಯರು ಸೈರಸ್ ಫಿಸ್ಕ್ ಎಂಬ ಜೀವರಸಾಯನ ಶಾಸ್ತ್ರಜ್ಞರ ಪ್ರಯೋಗಶಾಲೆಯನ್ನು ಸೇರಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕವನ್ನು ನಿಖರವಾಗಿ ಅಳೆಯುವ ವಿಧಾನವನ್ನು ಇವರಿಬ್ಬರೂ 1925ರಲ್ಲಿ ಪ್ರಕಟಿಸಿದರು. ಪರೀಕ್ಷಿಸಬೇಕಾದ ದ್ರವಕ್ಕೆ ಆಮ್ಲವನ್ನೂ ಮಾಲಿಬ್ಡಿನಂ ಲವಣವನ್ನೂ ಬೆರೆಸಿ, ಬಳಿಕ ಮತ್ತೊಂದು ರಾಸಾಯನಿಕವನ್ನು ಸೇರಿಸಿದರೆ ನೀಲಿ ಬಣ್ಣ ಮೂಡುತ್ತದೆ. ರಂಜಕವು ಹೆಚ್ಚಾದಷ್ಟೂ ನೀಲಿಯು ಗಾಢವಾಗುತ್ತದೆ. ಬಣ್ಣದ ಗಾಢತೆಯನ್ನು ನೋಡಿ ಪ್ರಮಾಣವನ್ನು ನಿರ್ಧರಿಸಬಹುದು.

ನೋಡುವುದಕ್ಕೆ ಇದು ಸಣ್ಣ ಉಪಾಯ. ಆದರೆ ಸರಿಯಾದ ಅಳತೆಯು ಕೈಗೆ ಬಂದೊಡನೆ ಅದುವರೆಗೂ ಕಾಣದಿದ್ದುದು ಕಾಣತೊಡಗಿತು. ಸ್ನಾಯುವಿನಲ್ಲಿ ರಂಜಕವನ್ನು ಅಳೆಯುತ್ತಿದ್ದಾಗ ಫಾಸ್ಫೋಕ್ರಿಯಾಟಿನ್ ಎಂಬ ಹೊಸ ವಸ್ತುವೊಂದನ್ನು ಅವರು ಪತ್ತೆಹಚ್ಚಿ 1927ರಲ್ಲಿ ಪ್ರಕಟಿಸಿದರು. ಸ್ನಾಯುವು ದುಡಿಯುವಾಗ ಈ ವಸ್ತು ಒಡೆಯುತ್ತದೆ. ವಿಶ್ರಮಿಸುವಾಗ ಮತ್ತೆ ಕೂಡಿಕೊಳ್ಳುತ್ತದೆ. 1929ರಲ್ಲಿ ಅಡಿನೋಸಿನ್ ಟ್ರೈಫಾಸ್ಫೇಟ್ ಎಂಬ ವಸ್ತುವನ್ನು ಬೇರ್ಪಡಿಸಿದುದನ್ನೂ ವರದಿ ಮಾಡಿದರು. ಜರ್ಮನಿಯ ಕಾರ್ಲ್ ಲೋಹ್ಮನ್ ಎಂಬ ವಿಜ್ಞಾನಿಯೂ ಅದೇ ವರ್ಷ ಸ್ವತಂತ್ರವಾಗಿ ಇದನ್ನು ಕಂಡುಹಿಡಿದಿದ್ದರು. ಎ.ಟಿ.ಪಿ. ಎಂದು ಕರೆಯಲ್ಪಡುವ ಈ ವಸ್ತುವು ಜೀವಕೋಶದ ಶಕ್ತಿಯ ನಾಣ್ಯವಿದ್ದಂತೆ. ನಾವು ನಡೆಯುವುದು, ಉಸಿರಾಡುವುದು, ಯೋಚಿಸುವುದು ಎಲ್ಲವೂ ಇದರ ವ್ಯಯದಿಂದಲೇ. ಇಷ್ಟು ಸಾಧಿಸಿ, 1930ರಲ್ಲಿ ಪಿಎಚ್.ಡಿ. ಪದವಿಯನ್ನು ಪಡೆದರೂ ಸುಬ್ಬರಾಯರಿಗೆ ಹಾರ್ವರ್ಡ್‌ನಲ್ಲಿ ಖಾಯಂ ಹುದ್ದೆ ದೊರೆಯಲಿಲ್ಲ.

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿ, ಕೆಲಕಾಲದಲ್ಲಿಯೇ ಸಂಶೋಧನಾ ನಿರ್ದೇಶಕರಾದರು. ಇಲ್ಲಿ ಅವರ ಹಳೆಯ ಸಂಕಲ್ಪವು ಫಲಿಸುವ ಕಾಲ ಬಂದಿತು. ಬೊಂಬಾಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯು ಯೀಸ್ಟಿನ ಸಾರದಿಂದ ಗುಣವಾಗುವುದನ್ನು ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಹಿಂದೆಯೇ ತೋರಿಸಿಕೊಟ್ಟಿದ್ದರು. ಆ ಸಾರದಲ್ಲಿದ್ದ ಜೀವಸತ್ವವೇ ಫೋಲಿಕ್ ಆಮ್ಲ. ಪ್ರಕೃತಿಯಲ್ಲಿ ಅತ್ಯಲ್ಪವಾಗಿ ದೊರೆಯುವ ಈ ವಸ್ತುವನ್ನು ಸುಬ್ಬರಾಯರ ತಂಡವು 1945ರಲ್ಲಿ ಪ್ರಯೋಗಾಲಯದಲ್ಲಿಯೇ ತಯಾರಿಸಿತು. ಸ್ಪ್ರೂ ರೋಗಿಗಳಿಗೆ ಇದನ್ನು ಕೊಟ್ಟಾಗ ಅವರ ರಕ್ತವು ಮತ್ತೆ ಪುಷ್ಟಿಗೊಂಡಿತು.

ಫೋಲಿಕ್ ಆಮ್ಲವು ಜೀವಕೋಶಗಳ ವೃದ್ಧಿಗೆ ಅವಶ್ಯಕ. ಹಾಗಾದರೆ ಅದನ್ನೇ ಹೋಲುವ, ಆದರೆ ಅದರ ಕೆಲಸಕ್ಕೆ ಅಡ್ಡಿಯಾಗುವ ವಸ್ತುವಿನಿಂದ ಕ್ಯಾನ್ಸರಿನ ವೃದ್ಧಿಯನ್ನು ತಡೆಯಬಹುದಲ್ಲವೇ? ಈ ತರ್ಕದಿಂದ ಲೆಡರ್ಲೆಯಲ್ಲಿ ತಯಾರಾದ ಅಮಿನಾಪ್ಟೆರಿನ್ ಎಂಬ ಔಷಧವನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿಗೆ ತುತ್ತಾದ 16 ಮಕ್ಕಳಿಗೆ ನೀಡಿದರು. 10 ಮಕ್ಕಳಲ್ಲಿ ರೋಗವು ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ಕ್ಯಾನ್ಸರಿನ ಔಷಧ ಚಿಕಿತ್ಸೆಯ ಇತಿಹಾಸದಲ್ಲಿ ಇದೊಂದು ಮೈಲಿಗಲ್ಲು. ಇದರ ಬಂಧುವಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಆನೆಕಾಲು ರೋಗಕ್ಕೆ ಕಾರಣವಾದ ಹುಳುಗಳನ್ನು ನಾಶಮಾಡುವ ಡೈಈಥೈಲ್ ಕಾರ್ಬಮಜೀನ್ ಕೂಡ ಅವರ ನಿರ್ದೇಶನದಲ್ಲಿಯೇ ಸಿದ್ಧವಾಯಿತು. ನಮ್ಮ ಕಲಬುರಗಿ, ಬೀದರ್ ಮುಂತಾದ ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಊರೂರಿಗೆ ಹೋಗಿ ಜನರಿಗೆ ನುಂಗಿಸಿದ ಮಾತ್ರೆ ಇದೇ. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ ಇದೇ ಪ್ರಯೋಗಾಲಯದಲ್ಲಿ ಆರಿಯೋಮೈಸಿನ್ ಔಷಧವನ್ನು ಕಂಡುಹಿಡಿದರು. ಅನೇಕ ಬಗೆಯ ರೋಗಾಣುಗಳನ್ನು ಸಂಹರಿಸುವ ಟೆಟ್ರಾಸೈಕ್ಲಿನ್ ವರ್ಗದ ಔಷಧಗಳಲ್ಲಿ ಇದೇ ಮೊದಲನೆಯದು. 1948ರ ಜುಲೈನಲ್ಲಿ ಇದನ್ನು ಜಗತ್ತಿಗೆ ಪ್ರಕಟಪಡಿಸಲಾಯಿತು.

ಮರು ತಿಂಗಳೇ, 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ನ್ಯೂಯಾರ್ಕಿನಲ್ಲಿ ರಾತ್ರಿ ಮಲಗಿದವರು ಏಳಲಿಲ್ಲ. 26 ವರ್ಷಗಳಲ್ಲಿ ಒಮ್ಮೆಯೂ ಅವರು ತಾಯ್ನಾಡಿಗೆ ಮರಳಿರಲಿಲ್ಲ. ಪತ್ನಿಯು ಅವರನ್ನು ಮತ್ತೆ ಕಾಣಲಿಲ್ಲ. ವಿದ್ಯೆಗೆ ಅವರೂ ಅವರ ಮನೆಯವರೂ ತೆತ್ತ ಬೆಲೆ ಅಲ್ಪವಲ್ಲ.

ಸ್ಪ್ರೂ ರೋಗಕ್ಕೆ ಈಗ ಫೋಲಿಕ್ ಆಮ್ಲವನ್ನೂ ಟೆಟ್ರಾಸೈಕ್ಲಿನ್ ಔಷಧವನ್ನೂ ಕೊಡುತ್ತಾರೆ. ಇವೆರಡರ ಬೇರೂ ಸುಬ್ಬರಾಯರ ಪ್ರಯೋಗಾಲಯದಲ್ಲಿದೆ. ಸಹೋದರರನ್ನು ಅವರು ಉಳಿಸಿಕೊಳ್ಳಲಾಗಲಿಲ್ಲ. ಇತರರ ಸಹೋದರರನ್ನು ಉಳಿಸಿದರು. ಭಾರತ ಸರ್ಕಾರವು ಅವರ ಜನ್ಮಶತಾಬ್ದಿಯ ವರ್ಷವಾದ 1995ರಲ್ಲಿ ಅಂಚೆಚೀಟಿಯನ್ನು ಹೊರತಂದು ಗೌರವಿಸಿತು. ಆದರೆ ಅವರ ನಿಜವಾದ ಸ್ಮಾರಕವಿರುವುದು ವಿದ್ಯಾರ್ಥಿಗಳ ಪ್ರಯೋಗಶಾಲೆಯಲ್ಲಿ. ಅಲ್ಲಿ ಗಾಜಿನ ನಳಿಕೆಯಲ್ಲಿ ನೀಲಿ ಬಣ್ಣವು ಮೂಡುವಾಗಲೆಲ್ಲ, ಎರಡು ಸಲ ಸೋತು ಮೂರನೆಯ ಸಲ ಗೆದ್ದ ಆ ಬಾಲಕನ ಹೆಸರು ಮತ್ತೊಮ್ಮೆ ನೆನಪಿಗೆ ಬರುತ್ತದೆ.