ಒಂದು ಅಂಕದ ಉತ್ತರವಾಗಿ ಉಳಿದ ಬಿ.ಎನ್. ರಾವ್

ಬಿ.ಇ. ಓದುವವರಿಗೆ ಭಾರತದ ಸಂವಿಧಾನ ಎಂಬ ಒಂದು ಪೇಪರ್ ಇರುತ್ತದೆ. ಮ್ಯಾಥ್ಸ್‌ಗೆ ಒಂದು ತಿಂಗಳು ಕೊಡುವ ನಾವು ಇದಕ್ಕೆ ಕೊಡುವುದು ಒಂದೇ ರಾತ್ರಿ. ಆ ರಾತ್ರಿ ನಾನು ಓದಿದ ಜೆರಾಕ್ಸ್ ನೋಟ್ಸಿನಲ್ಲಿ ಒಂದು ಪ್ರಶ್ನೆಯಿತ್ತು: ಸಂವಿಧಾನ ರಚನಾ ಸಭೆಯ ಸಲಹೆಗಾರರು ಯಾರು? ಉತ್ತರ, ಬಿ.ಎನ್. ರಾವ್. ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಕೆಎಎಸ್, ಎಫ್‌ಡಿಎಗೆ ಓದುತ್ತಿರುವವರಿಗೂ ಈ ಪ್ರಶ್ನೆ ಚಿರಪರಿಚಿತ.

ಪರೀಕ್ಷೆ ಮುಗಿದ ವಾರ ಹಾಸ್ಟೆಲ್ ಗ್ರೂಪಿಗೆ ಯಾರೋ ಒಂದು ಮೆಸೇಜ್ ಫಾರ್ವರ್ಡ್ ಮಾಡಿದರು. ಸಂವಿಧಾನ ಬರೆದವರು ಅಂಬೇಡ್ಕರ್ ಅಲ್ಲ, ರಾವ್ ಎಂದು ಅದರಲ್ಲಿತ್ತು. ಜಗಳ ಎಷ್ಟು ಬೆಳೆಯಿತೆಂದರೆ ಇಬ್ಬರು ಗೆಳೆಯರು ಮೆಸ್ಸಿನಲ್ಲಿ ಒಟ್ಟಿಗೆ ಊಟಕ್ಕೆ ಕೂರುವುದನ್ನೇ ಬಿಟ್ಟರು. ನಿಜ ಏನೆಂದು ನೋಡೋಣ ಎಂದು ನಾನು ಲೈಬ್ರರಿಗೆ ಹೋದೆ. ಅಲ್ಲಿ ಸಿಕ್ಕ ಮನುಷ್ಯ ಆ ಜಗಳಕ್ಕಿಂತ ಬಹಳ ದೊಡ್ಡವರಾಗಿದ್ದರು.

ಬೆನಗಲ್ ನರಸಿಂಗ ರಾವ್ ನಮ್ಮ ಕರಾವಳಿಯವರು. ಹುಟ್ಟಿದ್ದು 1887ರ ಫೆಬ್ರುವರಿ 26ರಂದು, ತಂದೆ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಮೊದಲಿಗರಾಗಿ ಪಾಸಾದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ಓದಿದ ವಿಷಯಗಳನ್ನು ನೋಡಿ ನನಗೆ ಆಶ್ಚರ್ಯವಾಯಿತು: ಇಂಗ್ಲಿಷ್, ಸಂಸ್ಕೃತ, ಭೌತಶಾಸ್ತ್ರ, ಆಮೇಲೆ ಗಣಿತ. ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಜವಾಹರಲಾಲ್ ನೆಹರೂ ಕೂಡ ಆಗ ಅದೇ ಕಾಲೇಜಿನಲ್ಲಿದ್ದರು. ರಾವ್ ಐಸಿಎಸ್ ಪಾಸು ಮಾಡಿ ಬಂಗಾಳಕ್ಕೆ ಬಂದರು. ತಮ್ಮಂದಿರೂ ಕಡಿಮೆಯವರಲ್ಲ. ಬಿ. ರಾಮರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಬಿ. ಶಿವರಾವ್ ಪತ್ರಕರ್ತರಾಗಿ ಹೆಸರು ಮಾಡಿದರು.

ರಾವ್ ಬ್ರಿಟಿಷರ ನೌಕರಿಯಲ್ಲಿದ್ದವರು, ಸರ್ ಪದವಿ ಪಡೆದವರು. ಚಳವಳಿಗೆ ಇಳಿದವರಲ್ಲ, ಜೈಲಿಗೆ ಹೋದವರಲ್ಲ. ಅವರ ಕೆಲಸವೆಲ್ಲ ಕಾಗದದ ಮೇಲೆ. ಆದರೆ ಆ ಕಾಗದಗಳಲ್ಲಿ ಏನಿತ್ತು ಎನ್ನುವುದು ಮುಖ್ಯ. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಅವರನ್ನು ಸರ್ಕಾರ 1941ರಲ್ಲಿ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿತು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಒಬ್ಬನಿಗೆ ಒಬ್ಬಳೇ ಹೆಂಡತಿ, ಬೇಡದ ಮದುವೆಯಿಂದ ಬಿಡುಗಡೆ, ಇವೆಲ್ಲ ಆ ಸಮಿತಿ ತಯಾರಿಸಿದ ಸಂಹಿತೆಯಲ್ಲಿದ್ದವು. ಮುಂದೆ ಅಂಬೇಡ್ಕರ್ ಸಂಸತ್ತಿನಲ್ಲಿ ಹೋರಾಡಿದ ಹಿಂದೂ ಕೋಡ್ ಬಿಲ್‌ಗೆ ಬುನಾದಿ ಇದೇ. ಅದು ಬೇರೆ ಬೇರೆ ಕಾಯ್ದೆಗಳಾಗಿ ಪಾಸಾದದ್ದು 1955-56ರಲ್ಲಿ. ಅಷ್ಟರಲ್ಲಿ ರಾವ್ ತೀರಿಕೊಂಡಿದ್ದರು.

1946ರಲ್ಲಿ ಅವರು ಸಂವಿಧಾನ ರಚನಾ ಸಭೆಯ ಸಲಹೆಗಾರರಾದರು. ಸಭೆಯ ಸದಸ್ಯರಲ್ಲ, ಮತ ಹಾಕುವ ಅಧಿಕಾರವಿಲ್ಲ. ಸಂಬಳವನ್ನೂ ತೆಗೆದುಕೊಳ್ಳಲಿಲ್ಲ. ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಓದಿ, ನಮಗೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಟಿಪ್ಪಣಿಗಳನ್ನು ಬರೆದರು. ನೆರೆಯ ಬರ್ಮಾದ ಹೊಸ ಸಂವಿಧಾನಕ್ಕೂ ನೆರವಾದರು. 1947ರ ಅಕ್ಟೋಬರ್ ಹೊತ್ತಿಗೆ 243 ವಿಧಿ, 13 ಅನುಸೂಚಿಗಳ ಮೊದಲ ಕರಡು ಸಿದ್ಧವಾಯಿತು.

ಆಮೇಲೆ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಕೈಗೆತ್ತಿಕೊಂಡು ತಿದ್ದಿತು, ಒಡೆಯಿತು, ಮತ್ತೆ ಕಟ್ಟಿತು. ಸಭೆಯ ಮುಂದೆ ಒಂದೊಂದು ವಿಧಿಗೂ ಅಂಬೇಡ್ಕರ್ ಉತ್ತರ ಕೊಡಬೇಕಾಯಿತು. ಕೊನೆಗೆ ಅಂಗೀಕಾರವಾದದ್ದು 395 ವಿಧಿ, 8 ಅನುಸೂಚಿಗಳ ಸಂವಿಧಾನ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ತಾವಾಗಿಯೇ ರಾವ್ ಅವರ ಮೊದಲ ಕರಡನ್ನು ನೆನೆದು, ಶ್ರೇಯಸ್ಸಿನಲ್ಲಿ ಅವರಿಗೂ ಪಾಲು ಸಲ್ಲಬೇಕು ಎಂದರು. ಅವರಿಬ್ಬರ ನಡುವೆ ಇಲ್ಲದ ಜಗಳ ನಮ್ಮ ಹಾಸ್ಟೆಲ್ ಗ್ರೂಪಿಗೆ ಎಲ್ಲಿಂದ ಬಂತೋ!

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ಕರಡು ಕೊಟ್ಟ ಮೇಲೆ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿದರು. ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಲ್ಲಿನ ಸಂವಿಧಾನದಲ್ಲಿ ಡ್ಯೂ ಪ್ರೋಸೆಸ್ ಎಂಬ ಮಾತಿದೆ. ಅದರ ಬಲದಿಂದ ನ್ಯಾಯಾಲಯ ಒಂದು ಕಾನೂನು ನ್ಯಾಯಯುತವೇ ಎಂದು ನೋಡಿ, ಅಲ್ಲವಾದರೆ ರದ್ದು ಮಾಡಬಹುದು. ಚುನಾಯಿತರಲ್ಲದ ಕೆಲವೇ ನ್ಯಾಯಾಧೀಶರಿಗೆ ಇಷ್ಟು ಅಧಿಕಾರ ಸರಿಯಲ್ಲ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ರಾವ್ ಅವರಿಗೂ ಅದೇ ಆತಂಕವಿತ್ತು. ಹೊಸ ಸರ್ಕಾರ ಬಡವರಿಗಾಗಿ ತರುವ ಭೂಸುಧಾರಣೆಯಂಥ ಕಾನೂನುಗಳನ್ನು ಕೋರ್ಟುಗಳು ಹೊಡೆದುಹಾಕಿದರೆ ಏನು ಗತಿ? ಕೊನೆಗೆ ಆ ಮಾತು ಹೋಗಿ, ಕಾನೂನು ನಿಗದಿಪಡಿಸಿದ ಪ್ರಕ್ರಿಯೆ ಎಂಬುದು ಬಂತು. ಅದೇ ಇಂದಿನ 21ನೇ ವಿಧಿ. ಅಂದರೆ, ಪ್ರಕ್ರಿಯೆ ನ್ಯಾಯವಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಬದಿಗೆ ಸರಿಯಿತು.

ಸಭೆ ಈ ವಿಧಿಯನ್ನು ಚರ್ಚಿಸಿದ್ದು 1948ರ ಡಿಸೆಂಬರಿನಲ್ಲಿ. ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿದ್ದೂ ಅದೇ ತಿಂಗಳ 10ರಂದು. ಲೋಕವೆಲ್ಲ ಮನುಷ್ಯನ ಸ್ವಾತಂತ್ರ್ಯದ ಮಾತಾಡುತ್ತಿದ್ದಾಗ ನಮ್ಮಲ್ಲಿ ಆ ಸ್ವಾತಂತ್ರ್ಯದ ಬೇಲಿ ಸ್ವಲ್ಪ ತಗ್ಗಿತು. ಅನೇಕ ಸದಸ್ಯರು ಇದನ್ನು ಕಟುವಾಗಿ ವಿರೋಧಿಸಿದರು. ಆ ಕೊರತೆ ತುಂಬಲೆಂದೇ ಮರುವರ್ಷ ಅಂಬೇಡ್ಕರ್ ಈಗಿನ 22ನೇ ವಿಧಿಯನ್ನು ತಂದರು. ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುವುದು ಅದರಲ್ಲೇ ಇದೆ. ಮುನ್ನೆಚ್ಚರಿಕೆ ಬಂಧನದಲ್ಲಿ ಇರುವವರಿಗೆ ಮಾತ್ರ ಈ ರಕ್ಷಣೆ ಪೂರ್ತಿ ಸಿಗುವುದಿಲ್ಲ.

ಅದರ ಪರಿಣಾಮ ಬೇಗನೆ ಕಂಡಿತು. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮ ಬಂಧನವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದಾಗ, ಸಂಸತ್ತು ಮಾಡಿದ ಕಾನೂನಿನ ಪ್ರಕಾರ ಬಂಧನವಾಗಿದ್ದರೆ ಸಾಕು ಎಂಬಂತೆ ತೀರ್ಪು ಬಂತು. ಕೋರ್ಟು ತನ್ನ ದಾರಿ ಬದಲಿಸಿದ್ದು ತುರ್ತು ಪರಿಸ್ಥಿತಿ ಕಳೆದ ಮೇಲೆ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಪ್ರಕ್ರಿಯೆ ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದಿತು. ರಾವ್ ಬೇಡವೆಂದದ್ದು ಮೂವತ್ತು ವರ್ಷಗಳ ನಂತರ ಹಿತ್ತಲ ಬಾಗಿಲಿನಿಂದ ಒಳಗೆ ಬಂದಂತಾಯಿತು.

ಹಾಗಾದರೆ ರಾವ್ ತಪ್ಪು ಮಾಡಿದರೇ? ನಾನು ಬಹಳ ಯೋಚಿಸಿದೆ. ಅವರ ಆತಂಕ ಸುಳ್ಳಾಗಿರಲಿಲ್ಲ. ಸಂವಿಧಾನ ಜಾರಿಗೆ ಬಂದ ಕೂಡಲೇ ಜಮೀನ್ದಾರಿ ರದ್ದತಿ ಕಾನೂನುಗಳು ಕೋರ್ಟಿನ ಮೆಟ್ಟಿಲು ಹತ್ತಿದವು. ಬಿಹಾರದ ಕಾನೂನನ್ನು ಪಟ್ನಾ ಹೈಕೋರ್ಟ್ ಹೊಡೆದೇ ಹಾಕಿತು. ಆದರೂ ಹೊಸ ಸರ್ಕಾರದ ಒಳ್ಳೆಯತನವನ್ನು ಅವರು ತುಸು ಹೆಚ್ಚೇ ನಂಬಿದರು ಅನಿಸುತ್ತದೆ. ಇಂದಿನ ಸರ್ಕಾರ ಒಳ್ಳೆಯದಿರಬಹುದು, ಆದರೆ ನಾಳೆ ಬರುವ ಸರ್ಕಾರವೂ ಅದೇ ಕಾನೂನನ್ನು ಬಳಸುತ್ತದೆ. ಲೆಕ್ಕ ಹಾಕುವಾಗ ಸೇತುವೆಯ ಮೇಲೆ ಬರಬಹುದಾದ ಅತಿ ಭಾರದ ಲಾರಿಯನ್ನು ಇಟ್ಟುಕೊಳ್ಳಬೇಕು ಎಂದು ನಮಗೆ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ಇಲ್ಲಿ ಅದು ನೆನಪಾಯಿತು.

ಇದಾದ ಮೇಲೆ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್ ತಿಂಗಳಿಗೆ ಭದ್ರತಾ ಮಂಡಳಿಯ ಅಧ್ಯಕ್ಷ ಸರದಿ ಭಾರತದ್ದು. ಆ ತಿಂಗಳ 25ರಂದೇ ಕೊರಿಯಾ ಯುದ್ಧ ಹೊತ್ತಿಕೊಂಡಿತು. ಸಭೆ ನಡೆಸಬೇಕಾದವರು ಮಂಗಳೂರಿನ ಈ ರಾಯರು! ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ ಮೊದಲ ನಿರ್ಣಯಕ್ಕೆ ಭಾರತದ ಮತ ಹಾಕಿದರು. ಎರಡು ದಿನದ ನಂತರ ದಕ್ಷಿಣ ಕೊರಿಯಾಕ್ಕೆ ಸೇನಾ ನೆರವಿನ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅವರು ಮತದಾನದಲ್ಲಿ ಭಾಗವಹಿಸಲಿಲ್ಲ. ಆಮೇಲೆ ಭಾರತ ಆ ನಿರ್ಣಯವನ್ನು ಒಪ್ಪಿತಾದರೂ ಕಳಿಸಿದ್ದು ಹೋರಾಡುವ ಸೈನಿಕರನ್ನಲ್ಲ, ವೈದ್ಯಕೀಯ ತುಕಡಿಯನ್ನು.

ಚೀನಾದಲ್ಲೂ ಆಗ ಹೊಸ ಸರ್ಕಾರ ಬಂದಿತ್ತು. ದೇಶವನ್ನು ಆಳುತ್ತಿರುವವರು ಯಾರೋ ಅವರೇ ವಿಶ್ವಸಂಸ್ಥೆಯ ಕುರ್ಚಿಯಲ್ಲಿ ಕೂರಬೇಕು ಎಂಬುದು ಭಾರತದ ವಾದ. ರಾವ್ ಅದನ್ನು ಮಂಡಿಸಿದರು, ಸೋತರು. ಡಿಸೆಂಬರಿನಲ್ಲಿ ಕದನ ವಿರಾಮಕ್ಕೆ ದಾರಿ ಹುಡುಕಲು ನೇಮಿಸಿದ ಮೂವರಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್‌ಸನ್ ಜೊತೆಗೆ ರಾವ್ ಕೂಡ ಇದ್ದರು. ಅದೂ ಫಲಿಸಲಿಲ್ಲ. ಯುದ್ಧ ನಿಂತದ್ದು 1953ರ ಜುಲೈನಲ್ಲಿ.

1952ರಲ್ಲಿ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅಲ್ಲಿನ ಒಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ಇರಾನಿನ ಮೊಸದ್ದೆಕ್ ಸರ್ಕಾರ ತೈಲ ಉದ್ಯಮವನ್ನು ರಾಷ್ಟ್ರೀಕರಣ ಮಾಡಿದ್ದಕ್ಕೆ ಬ್ರಿಟನ್ ಹೂಡಿದ ಮೊಕದ್ದಮೆ ಆಗ ನ್ಯಾಯಾಲಯದ ಮುಂದಿತ್ತು. ಲೋಕವೆಲ್ಲ ನೋಡುತ್ತಿದ್ದ ಕೇಸು. ಆದರೆ ಇದೇ ವ್ಯಾಜ್ಯ ಭದ್ರತಾ ಮಂಡಳಿಗೆ ಬಂದಿದ್ದಾಗ ರಾವ್ ಅಲ್ಲಿ ಭಾರತದ ಪರ ಕೂತಿದ್ದರು. ಆ ಕಾರಣಕ್ಕೆ ತಾವು ತೀರ್ಪಿನಲ್ಲಿ ಭಾಗವಹಿಸುವುದು ತರವಲ್ಲ ಎಂದು ಹಿಂದೆ ಸರಿದರು. ಸರ್ಕಾರಗಳನ್ನು ನಂಬಿದ ಈ ಮನುಷ್ಯ ತಮ್ಮ ವಿಷಯದಲ್ಲಿ ಮಾತ್ರ ಪ್ರಕ್ರಿಯೆ ನ್ಯಾಯವಾಗಿರಬೇಕೆಂದು ಇಷ್ಟು ಎಚ್ಚರ ವಹಿಸಿದ್ದರು.

ಒಂಬತ್ತು ವರ್ಷಗಳ ಆ ಅವಧಿಯಲ್ಲಿ ಎರಡು ವರ್ಷವೂ ತುಂಬಲಿಲ್ಲ. ಕಾಯಿಲೆಯಿಂದ 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 66 ವರ್ಷ.

ಓದಿದ್ದನ್ನೆಲ್ಲ ಗ್ರೂಪಿಗೆ ಹಾಕಿದೆ. ಇಷ್ಟುದ್ದ ಯಾರು ಓದುತ್ತಾರೆ ಎಂದು ಒಬ್ಬ ಬರೆದ. ಆದರೆ ಮುನಿಸಿಕೊಂಡಿದ್ದ ಇಬ್ಬರಲ್ಲಿ ಒಬ್ಬ ಸಂಜೆ ನನ್ನ ರೂಮಿಗೆ ಬಂದು, 22ನೇ ವಿಧಿಯ 24 ಗಂಟೆಯ ಲೆಕ್ಕದಲ್ಲಿ ಪ್ರಯಾಣದ ಸಮಯ ಸೇರುತ್ತದೆಯೇ ಎಂದು ಕೇಳಿದ. ಪುಸ್ತಕ ತೆಗೆದು ನೋಡಿದೆವು, ಸೇರುವುದಿಲ್ಲ. ಮತ್ತೊಬ್ಬನೂ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಆ ದಿನ ಮೂವರೂ ಒಟ್ಟಿಗೆ ಮೆಸ್ಸಿಗೆ ಹೋದೆವು.