ಮೊದಲ ಸೂಜಿ ತನ್ನ ಮೈಗೆ: ಪ್ಲೇಗು ಲಸಿಕೆಯ ಜನಕ ವಾಲ್ಡೆಮರ್ ಹಾಫ್ಕಿನ್

ಕರಾವಳಿಯಿಂದ ಘಟ್ಟ ಹತ್ತಿ ಶಿರಸಿ, ಮುಂಡಗೋಡ ದಾಟಿ ಮುಂದೆ ಹೋದರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆ ಸಿಗುತ್ತದೆ. 1997ರಿಂದ ಈ ತಾಲ್ಲೂಕುಗಳು ಹಾವೇರಿ ಜಿಲ್ಲೆಯಲ್ಲಿವೆ. ಸುಮಾರು ನೂರಿಪ್ಪತ್ತೈದು ವರ್ಷಗಳ ಹಿಂದೆ ಇವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಆಗ ಶಿಗ್ಗಾಂವಿ ಭಾಗವನ್ನು ಬಂಕಾಪುರ ತಾಲ್ಲೂಕು ಎಂದೂ ಹಿರೇಕೆರೂರು ಭಾಗವನ್ನು ಕೋಡ ತಾಲ್ಲೂಕು ಎಂದೂ ಕರೆಯುತ್ತಿದ್ದರು. ಸವಣೂರು ನವಾಬರ ಪುಟ್ಟ ಸಂಸ್ಥಾನವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಈ ಧಾರವಾಡ ಸೀಮೆಗೆ ಪ್ಲೇಗು ಬಂತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನ ಬಾಗಿಲಿಗೆ ಬೀಗ ಹಾಕಿ, ಮಕ್ಕಳನ್ನೂ ದನಕರುಗಳನ್ನೂ ಕರೆದುಕೊಂಡು ಹೊಲಗಳಲ್ಲಿ ಜೋಪಡಿ ಹಾಕಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಈ ಸೀಮೆಯ ದೊಡ್ಡ ಪೇಟೆಯಾದ ಹುಬ್ಬಳ್ಳಿಯ ಸಾವಿರಾರು ಜನರು ತೋಳು ಒಡ್ಡಿದ್ದು ಒಂದು ಹೊಸ ಚುಚ್ಚುಮದ್ದಿಗೆ. ಅದನ್ನು ಕಂಡುಹಿಡಿದವರು ವಾಲ್ಡೆಮರ್ ಹಾಫ್ಕಿನ್ ಎಂಬ ಯೆಹೂದ್ಯ ವಿಜ್ಞಾನಿ. ಮುಂಬಯಿಯ ಒಂದು ಸಂಸ್ಥೆಯ ಹೆಸರಾಗಿ ಅವರನ್ನು ಅನೇಕರು ಬಲ್ಲರು, ಆದರೆ ಅವರ ಬಾಳಿನ ಕಥೆಯನ್ನು ಬಲ್ಲವರು ಕಡಿಮೆ. ರೋಗಿಗಳ ಸೇವೆಯಲ್ಲಿ ತೊಡಗಿರುವ ನಮ್ಮ ಧರ್ಮಭಗಿನಿಯರಿಗೂ ಧರ್ಮಕೇಂದ್ರಗಳ ಕಾರ್ಯಕರ್ತರಿಗೂ ಉಪಯುಕ್ತವಾದೀತೆಂದು ಅದನ್ನು ನಾವು ಇಲ್ಲಿ ನೀಡುತ್ತಿದ್ದೇವೆ.

ಹುದ್ದೆಗಾಗಿ ವಿಶ್ವಾಸ ಬಿಡದ ಯುವಕ

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ. ಆಗ ಅದು ರಷ್ಯಾ ಚಕ್ರಾಧಿಪತ್ಯದಲ್ಲಿತ್ತು; ಈಗ ಉಕ್ರೇನ್ ದೇಶದಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಣಿಶಾಸ್ತ್ರ ಓದಿದರು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಇಲ್ಯಾ ಮೆಚ್ನಿಕಾಫ್ ಅವರ ಗುರುಗಳು. ಯೆಹೂದ್ಯರ ಮನೆಗಳ ಮೇಲೆ ದೊಂಬಿ ನಡೆದಾಗ ತಮ್ಮವರ ರಕ್ಷಣೆಗೆ ನಿಂತ ಯುವಕರಲ್ಲಿ ಅವರೂ ಒಬ್ಬರು. ಪೊಲೀಸರ ಕಣ್ಣಿಗೆ ಬಿದ್ದು ಸೆರೆವಾಸವನ್ನೂ ಅನುಭವಿಸಿದರು.

ಓದಿನಲ್ಲಿ ಮುಂದಿದ್ದರೂ ಯೆಹೂದ್ಯನೆಂಬ ಕಾರಣಕ್ಕೆ ಅವರಿಗೆ ಪ್ರಾಧ್ಯಾಪಕ ಹುದ್ದೆಯ ದಾರಿ ಮುಚ್ಚಿತ್ತು. ರಷ್ಯನ್ ಆರ್ಥೊಡಾಕ್ಸ್ ಸಭೆಗೆ ಸೇರಿದರೆ ಬಾಗಿಲು ತೆರೆಯುತ್ತಿತ್ತು. ಹಾಫ್ಕಿನ್ ಒಪ್ಪಲಿಲ್ಲ. ಮನಸ್ಸು ಒಪ್ಪದ ವಿಶ್ವಾಸವನ್ನು ಸಂಬಳಕ್ಕಾಗಿ ಒಪ್ಪಿಕೊಳ್ಳುವುದು ದೇವರಿಗೂ ಮನುಷ್ಯನಿಗೂ ಗೌರವ ತರುವ ಸಂಗತಿಯಲ್ಲ ಎಂಬುದನ್ನು ನಾವೂ ಒಪ್ಪಬೇಕು. 1888ರಲ್ಲಿ ಅವರು ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಗುರುಗಳ ನೆರವಿನಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು. ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸ. ಬಿಡುವಿನ ವೇಳೆಯೆಲ್ಲ ಪ್ರಯೋಗಾಲಯದಲ್ಲಿ ಕಳೆಯುತ್ತಿತ್ತು.

ಕಾಲರಾದಿಂದ ಆರಂಭ

ಆಗ ಯುರೋಪಿನಲ್ಲೂ ಏಷ್ಯಾದಲ್ಲೂ ಕಾಲರಾ ಹರಡಿತ್ತು. ಕೆಟ್ಟ ನೀರಿನ ಮೂಲಕ ಕರುಳನ್ನು ಸೇರುವ ಈ ರೋಗಾಣು, ವಾಂತಿಭೇದಿಯಿಂದ ಮೈಯ ನೀರನ್ನೆಲ್ಲ ಬಸಿದು, ಬೆಳಿಗ್ಗೆ ಗಟ್ಟಿಯಾಗಿದ್ದ ಮನುಷ್ಯನನ್ನು ಸಂಜೆಗೆ ಮಲಗಿಸಬಲ್ಲದು. ಹಾಫ್ಕಿನ್ ಇದಕ್ಕೆ ಲಸಿಕೆ ತಯಾರಿಸಿದರು. ಅದು ಮನುಷ್ಯನಿಗೆ ಅಪಾಯವೇ ಅಲ್ಲವೇ ಎಂದು ತಿಳಿಯಬೇಕಿತ್ತು. 1892ರ ಜುಲೈ 18ರಂದು ಅವರು ಅದನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂತು, ಇಳಿಯಿತು.

ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ, ಹಿಂದೆ ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಡಫರಿನ್ ಅವರ ಸಲಹೆಯಂತೆ ಹಾಫ್ಕಿನ್ 1893ರ ಮಾರ್ಚಿನಲ್ಲಿ ಕಲ್ಕತ್ತಕ್ಕೆ ಬಂದರು. ಪರದೇಶದ ಮನುಷ್ಯನ ಸೂಜಿಗೆ ಜನ ಹೆದರಿದರು, ಕೆಲವೆಡೆ ಎದುರಿಸಿ ನಿಂತರು. ವೈದ್ಯ ಪದವಿ ಇಲ್ಲದ ಈತನನ್ನು ಸರ್ಕಾರಿ ವೈದ್ಯರಲ್ಲಿ ಹಲವರು ತಮ್ಮವನೆಂದು ಕಾಣಲಿಲ್ಲ. ಹಾಫ್ಕಿನ್ ಬಂಗಾಳದ ಭಾರತೀಯ ವೈದ್ಯರನ್ನು ಜೊತೆಗೆ ಕರೆದುಕೊಂಡು ಕೊಳೆಗೇರಿಗಳಿಗೆ ನಡೆದರು. 1894ರಲ್ಲಿ ಕಟ್ಟಾಲ್ ಬಗಾನ್ ಎಂಬ ಬಸ್ತಿಯ ಸುಮಾರು 200 ನಿವಾಸಿಗಳಲ್ಲಿ 116 ಮಂದಿ ಲಸಿಕೆ ಪಡೆದರು. ನಂತರ ಅಲ್ಲಿ ಕಾಲರಾ ಬಂದದ್ದು 10 ಮಂದಿಗೆ, ಸತ್ತದ್ದು 7 ಮಂದಿ. ಅವರೆಲ್ಲರೂ ಲಸಿಕೆ ಪಡೆಯದವರೇ. ಎರಡು ವರ್ಷಗಳ ತಿರುಗಾಟದಲ್ಲಿ ಸುಮಾರು 42,000 ಜನರಿಗೆ ಲಸಿಕೆ ನೀಡಿ, ಮಲೇರಿಯಾ ಹಿಡಿದು ಬಳಲಿದ ಹಾಫ್ಕಿನ್ 1895ರಲ್ಲಿ ಯುರೋಪಿಗೆ ಮರಳಿದರು. ಮರುವರ್ಷ ಮತ್ತೆ ಬಂದರು.

ಮುಂಬಯಿಗೆ ಬಂದ ಮಾರಿ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರು ಪ್ರದೇಶದಲ್ಲಿ ಪ್ಲೇಗು ಕಾಣಿಸಿತು. ಅದನ್ನು ಮೊದಲು ಗುರುತಿಸಿ ಎಚ್ಚರಿಸಿದವರು ಗೋವಾ ಮೂಲದ ಕ್ಯಾಥೋಲಿಕ್ ವೈದ್ಯ ಡಾ. ಅಕಾಸಿಯೊ ಗೇಬ್ರಿಯಲ್ ವೀಗಸ್ ಎಂಬುದು ನಮ್ಮ ಕರಾವಳಿಯವರಿಗೆ ಹೆಮ್ಮೆಯ ಮಾತು. ರೋಗವನ್ನು ತಡೆಯುವ ಮಾರ್ಗ ಹುಡುಕಲು ಸರ್ಕಾರ ಅಕ್ಟೋಬರಿನಲ್ಲಿ ಹಾಫ್ಕಿನ್ನರನ್ನು ಕರೆಸಿತು.

ಪ್ಲೇಗು ದೇಹದಲ್ಲಿ ಕೆಲಸ ಮಾಡುವ ರೀತಿಯನ್ನು ಇಲ್ಲಿ ತಿಳಿಸಬೇಕು. ಸತ್ತ ಇಲಿಯನ್ನು ಬಿಟ್ಟ ಚಿಗಟ ಮನುಷ್ಯನನ್ನು ಕಚ್ಚಿದಾಗ ರೋಗಾಣು ಚರ್ಮದೊಳಗೆ ಸೇರುತ್ತದೆ. ಅಲ್ಲಿಂದ ತೊಡೆಸಂದು, ಕಂಕುಳು ಅಥವಾ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹೋಗಿ ನೋವಿನ ಗೆಡ್ಡೆ ಎಬ್ಬಿಸುತ್ತದೆ. ಗ್ರಂಥಿ ತಡೆಯದಿದ್ದರೆ ರಕ್ತಕ್ಕೆ ಇಳಿಯುತ್ತದೆ. ಶ್ವಾಸಕೋಶವನ್ನು ಸೇರಿದರಂತೂ ರೋಗಿಯ ಕೆಮ್ಮಿನಿಂದಲೇ ಪಕ್ಕದವರಿಗೆ ದಾಟುತ್ತದೆ. ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. ಚಿಗಟದ ಪಾತ್ರವನ್ನು ಪಾಲ್ ಲೂಯಿ ಸಿಮೊಂ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅಲ್ಲಿಯವರೆಗೆ ರೋಗ ಹೇಗೆ ದಾಟುತ್ತದೆಂಬುದೇ ಸ್ಪಷ್ಟವಿರಲಿಲ್ಲ. ಗುಣಪಡಿಸುವ ಔಷಧವಂತೂ ಇರಲೇ ಇಲ್ಲ.

ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಹಾಫ್ಕಿನ್ನರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು ಅದರಲ್ಲಿ ರೋಗಾಣು ಬೆಳೆಸಿ, ನಂತರ ಕಾಯಿಸಿ ಕೊಂದು ಲಸಿಕೆ ಮಾಡಿದರು. ಹಿಂದೂಗಳ, ಮುಸಲ್ಮಾನರ ಮನ ನೋಯಬಾರದೆಂದು ದನದ ಮತ್ತು ಹಂದಿಯ ಮಾಂಸ ಬಿಟ್ಟು ಆಡಿನ ಮಾಂಸ ಬಳಸಿದರು. 1897ರ ಜನವರಿ 10ರಂದು ಮೊದಲ ಸೂಜಿ ಮತ್ತೆ ಅವರ ಮೈಗೇ. ಮುಂದೆ ಜನರಿಗೆ ಕೊಡಬೇಕಿದ್ದ ಪ್ರಮಾಣಕ್ಕಿಂತ ಹೆಚ್ಚನ್ನೇ ತೆಗೆದುಕೊಂಡಿದ್ದರು. ಅದೇ ತಿಂಗಳ ಕೊನೆಗೆ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಹಬ್ಬಿದಾಗ ಸುಮಾರು ಅರ್ಧದಷ್ಟು ಕೈದಿಗಳು ತಾವಾಗಿ ಮುಂದೆ ಬಂದು ಲಸಿಕೆ ಪಡೆದರು. ಪಡೆಯದವರಲ್ಲಿ 12 ಮಂದಿಗೆ ರೋಗ ತಗಲಿ 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂದರೂ ಯಾರೂ ಸಾಯಲಿಲ್ಲ.

ಧಾರವಾಡ ಸೀಮೆಯ ಅನುಭವ

ಆ ವರ್ಷಗಳಲ್ಲಿ ಸರ್ಕಾರ ಹಿಡಿದದ್ದು ಬಲವಂತದ ದಾರಿ. ಸಿಪಾಯಿಗಳು ಮನೆ ನುಗ್ಗಿ ಶೋಧಿಸುವುದು, ರೋಗಿಗಳನ್ನು ಎಳೆದೊಯ್ಯುವುದು, ಸಾಮಾನು ಸುಡುವುದು ನಡೆದವು. ಪುಣೆಯಲ್ಲಿ ಜನರ ಸಿಟ್ಟು ಸಿಡಿದು 1897ರ ಜೂನಿನಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡ್ ಕೊಲೆಯಾದರು. ಹಾಫ್ಕಿನ್ನರದು ಬೇರೆ ದಾರಿ. ಲಸಿಕೆ ಇಷ್ಟಪಟ್ಟವರಿಗೆ ಮಾತ್ರ. ಇಷ್ಟಪಡುವಂತೆ ಮಾಡುವ ಹೊಣೆ ಕೊಡುವವನದು.

ರೈಲು ಹೋದ ದಾರಿಯಲ್ಲೇ ರೋಗವೂ ಹೋಯಿತು. ಮುಂಬಯಿ, ಪುಣೆಯಿಂದ ಅದು ಹುಬ್ಬಳ್ಳಿ, ಧಾರವಾಡ, ಗದಗಕ್ಕೆ ಬಂತು. ಹುಬ್ಬಳ್ಳಿಯ ಕಡೆಯಿಂದ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಆ ವರ್ಷ ಸುಮಾರು 50 ಸಾವಿರ ಜನಸಂಖ್ಯೆಯ ಹುಬ್ಬಳ್ಳಿಯಲ್ಲಿ 35 ಸಾವಿರಕ್ಕೂ ಹೆಚ್ಚು ಜನರು ಹಾಫ್ಕಿನ್ನರ ಲಸಿಕೆ ಪಡೆದರು. ಲ್ಯೂಮನ್ ಎಂಬ ಸೇನಾ ವೈದ್ಯಾಧಿಕಾರಿ ಈ ಕಾರ್ಯದ ಮುಂದಾಳು. ಲಸಿಕೆ ಪಡೆದವರಲ್ಲಿ ಸಾವು ಬಹಳ ಕಡಿಮೆಯೆಂದು ಕಂಡುಬಂತು. ಲಸಿಕೆಯ ಬೆಲೆಯನ್ನು ಜಗತ್ತಿಗೆ ತೋರಿಸಿದ ಊರುಗಳಲ್ಲಿ ನಮ್ಮ ಕನ್ನಡನಾಡಿನ ಹುಬ್ಬಳ್ಳಿ ಮುಖ್ಯವಾದದ್ದು.

ಈ ಲಸಿಕೆ ಪೂರ್ಣ ರಕ್ಷಣೆ ಕೊಡುತ್ತಿರಲಿಲ್ಲ ಎಂಬುದೂ ನಿಜ. ಪಡೆದವರಿಗೆ ಜ್ವರ, ತೋಳಿನ ನೋವು ಬರುತ್ತಿತ್ತು. ಶ್ವಾಸಕೋಶದ ಪ್ಲೇಗಿಗೆ ಅದು ಭರವಸೆಯ ತಡೆಯಾಗಿರಲಿಲ್ಲ. ಬೇರೇನೂ ಇಲ್ಲದ ಕಾಲದಲ್ಲಿ ಅಷ್ಟೇ ಸಾವಿರಾರು ಮನೆಗಳ ದೀಪ ಆರದಂತೆ ಕಾಯಿತು. ಮೂರನೆಯ ಆಗಾ ಖಾನ್ ಮುಂಬಯಿಯಲ್ಲಿ ಜನರೆದುರೇ ಲಸಿಕೆ ಹಾಕಿಸಿಕೊಂಡು ತಮ್ಮ ಸಮುದಾಯಕ್ಕೆ ಧೈರ್ಯ ತುಂಬಿದರು. 1899ರಲ್ಲಿ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಹೋಯಿತು. ಪೋರ್ಚುಗೀಸರ ಕಾಲದಲ್ಲಿ ಅದು ಕ್ಯಾಥೋಲಿಕ್ ಸನ್ಯಾಸಿಗಳ ಮಠವಾಗಿತ್ತು.

ಒಂದು ಶೀಶೆ, ಹತ್ತೊಂಬತ್ತು ಸಾವು

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಕೆಲವೇ ದಿನಗಳಲ್ಲಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಮಂದಿಗೂ ಲಸಿಕೆ ಬಂದದ್ದು ಒಂದೇ ಶೀಶೆಯಿಂದ. ವಿಚಾರಣಾ ಆಯೋಗ ದೋಷವನ್ನು ಮುಂಬಯಿ ಪ್ರಯೋಗಾಲಯದ ಮೇಲೆ ಹೊರಿಸಿತು. ಹಾಫ್ಕಿನ್ ತಯಾರಿಯ ಕ್ರಮವನ್ನು ಬದಲಿಸಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದೇ ಕಾರಣವೆಂದು ದೂರಲಾಯಿತು. ಅವರು ನಿರ್ದೇಶಕ ಹುದ್ದೆ ಕಳೆದುಕೊಂಡು ಲಂಡನ್ನಿಗೆ ಹೋದರು.

ಆದರೆ ದಾಖಲೆಗಳು ಬೇರೆಯದನ್ನೇ ಹೇಳುತ್ತಿದ್ದವು. ಹಳ್ಳಿಯಲ್ಲಿ ಆ ಶೀಶೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಅಭಿಪ್ರಾಯವೂ ಹಾಫ್ಕಿನ್ನರ ಪರವಾಗಿತ್ತು. ಆದರೂ ನ್ಯಾಯ ಸಿಗಲು ವರ್ಷಗಳೇ ಹಿಡಿದವು. ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಪರವಾಗಿ ಬಹಿರಂಗ ಪತ್ರ ಬರೆದರು. ಅದೇ ವರ್ಷ ಹಾಫ್ಕಿನ್ ದೋಷಮುಕ್ತರಾದರು.

ಅಪವಾದ ತೊಲಗಿತು, ಹಳೆಯ ಸ್ಥಾನ ಮಾತ್ರ ಮರಳಲಿಲ್ಲ. ಕಲ್ಕತ್ತದಲ್ಲಿ ಕೆಲಸ ಸಿಕ್ಕಿತಾದರೂ ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸುವ ಅವಕಾಶ ಸಿಗಲಿಲ್ಲ. ನಿವೃತ್ತರಾಗಿ ಯುರೋಪಿಗೆ ಮರಳಿದ ಹಾಫ್ಕಿನ್, ಕೊನೆಯ ವರ್ಷಗಳನ್ನು ತಮ್ಮ ಧರ್ಮದ ಆಚರಣೆಯಲ್ಲಿ ಕಳೆದು, ಉಳಿಸಿದ ಹಣವನ್ನು ಯೆಹೂದ್ಯ ಧರ್ಮಶಾಲೆಗಳ ವಿದ್ಯಾರ್ಥಿಗಳಿಗಾಗಿ ಮುಡಿಪಿಟ್ಟರು. ಅವರು ಮದುವೆಯಾಗಿರಲಿಲ್ಲ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡರು. ಪರೇಲಿನ ಪ್ರಯೋಗಾಲಯಕ್ಕೆ 1925ರಲ್ಲೇ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಟ್ಟಿದ್ದರು. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ನಮಗೇನು?

ಹಾಫ್ಕಿನ್ ದೂಷಣೆಗೆ ಗುರಿಯಾದ ಅದೇ 1902ರಲ್ಲಿ ನಮ್ಮ ಮಂಗಳೂರಿಗೂ ಪ್ಲೇಗು ಬಂದಿತ್ತು. ಕಂಕನಾಡಿಯಲ್ಲಿ ಬಡವರ ಔಷಧಾಲಯವನ್ನೂ ಕುಷ್ಠರೋಗಿಗಳ ಆಸ್ಪತ್ರೆಯನ್ನೂ ನಡೆಸುತ್ತಿದ್ದ ಜೆಸ್ವಿತ್ ಧರ್ಮಗುರು ವಂದನೀಯ ಅಗಸ್ಟಸ್ ಮುಲ್ಲರ್ ಆಗ ಪ್ಲೇಗು ಆಸ್ಪತ್ರೆಯನ್ನು ತೆರೆದರು. ಒಬ್ಬರು ಯೆಹೂದ್ಯ ವಿಜ್ಞಾನಿ, ಇನ್ನೊಬ್ಬರು ಕ್ಯಾಥೋಲಿಕ್ ಗುರು. ಇಬ್ಬರ ಮದ್ದಿನ ದಾರಿಯೂ ಬೇರೆ. ಆದರೆ ಜನ ಓಡಿಹೋಗುವ ರೋಗದ ಹತ್ತಿರಕ್ಕೆ ಇಬ್ಬರೂ ತಾವಾಗಿ ನಡೆದು ಹೋದರು. ದಾರಿಯಲ್ಲಿ ಗಾಯಗೊಂಡು ಬಿದ್ದವನ ಬಳಿ ನಿಂತವನು ಪರಧರ್ಮದ ಸಮಾರಿಯನು ಎಂದು ತಿಳಿಸಿದ ಪ್ರಭುವಿನ ಸಾಮತಿಯನ್ನು ಬಲ್ಲ ನಮಗೆ ಇದರಲ್ಲಿ ಅಚ್ಚರಿಯಿಲ್ಲ.

ಪ್ಲೇಗಿಗೆ ಇಂದು ಪರಿಣಾಮಕಾರಿ ಔಷಧಗಳಿವೆ. ಆದರೆ ಕ್ಷಯ, ದಡಾರ, ಡೆಂಗ್ಯೂ ನಮ್ಮ ನಡುವೆ ಇವೆ. ಹಾನಗಲ್, ಹಿರೇಕೆರೂರುಗಳ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡುಬಂದ ಮಂಗನ ಕಾಯಿಲೆಯೂ ಇದೆ. ಕೋವಿಡ್ ಕಾಲದಲ್ಲಿ ಲಸಿಕೆಯ ಬಗ್ಗೆ ಎದ್ದ ಭಯ, ಗಾಳಿಸುದ್ದಿಗಳನ್ನು ನಾವೆಲ್ಲ ಕಂಡಿದ್ದೇವೆ. ಹಳ್ಳಿಗಳಲ್ಲಿ ಸೇವೆ ಮಾಡುವವರು ಹಾಫ್ಕಿನ್ನರ ಬಾಳಿನಿಂದ ಮೂರು ಸಂಗತಿಗಳನ್ನು ನೆನಪಿನಲ್ಲಿಡಬಹುದು. ಜನರಿಗೆ ಹೇಳುವುದನ್ನು ಮೊದಲು ನಾವು ಮಾಡಬೇಕು. ಬಲವಂತದಿಂದ ಮೈಯನ್ನು ಹಿಡಿಯಬಹುದು, ಮನಸ್ಸನ್ನಲ್ಲ. ನೆಲಕ್ಕೆ ಬಿದ್ದ ಒಂದು ಚಿಮುಟದಷ್ಟು ಸಣ್ಣ ಅಜಾಗ್ರತೆಯೂ ಹತ್ತೊಂಬತ್ತು ಮನೆಗಳಲ್ಲಿ ಶೋಕ ತರಬಲ್ಲದು. ವರ್ಷಗಳಿಂದ ಗಳಿಸಿದ ನಂಬಿಕೆಯನ್ನು ಒಂದೇ ದಿನದಲ್ಲಿ ಕೆಡಿಸಬಲ್ಲದು.

ರೋಗಿಗಳ ನಡುವೆ ದುಡಿಯುವ ಎಲ್ಲರನ್ನೂ, ಅವರು ಯಾವ ಧರ್ಮದವರೇ ಆಗಿರಲಿ, ನಮ್ಮ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನೆನೆಯೋಣ.